ನೋವು ಹೋದರೆ ವಾಸಿಯಾಯಿತೇ?

“ನನಗೀಗ ನೋವಿಲ್ಲ, ನಾನು ಆಡುತ್ತೇನೆ.”

ಮಕ್ಕಳಿರುವ ಮನೆಯಲ್ಲಿ ಈ ಮಾತನ್ನು ಕೇಳದ ತಾಯಂದಿರು ಕಡಿಮೆ. ಬಿದ್ದು ಕಾಲು ಉಳುಕಿಸಿಕೊಂಡ ಮಗ ನಾಲ್ಕನೇ ದಿನಕ್ಕೆ ಬ್ಯಾಟು ಹುಡುಕುತ್ತಾನೆ. ಜ್ವರ ಬಿಟ್ಟ ಮರುದಿನವೇ ಮಗಳು ಸ್ಕಿಪ್ಪಿಂಗ್ ಹಗ್ಗ ಹಿಡಿಯುತ್ತಾಳೆ. ಹೆರಿಗೆಯಾಗಿ ತಿಂಗಳು ತುಂಬುವಷ್ಟರಲ್ಲಿ ಸೊಸೆ ಮೊಬೈಲಿನಲ್ಲಿ ವೀಡಿಯೊ ನೋಡಿ ಹೊಟ್ಟೆ ಕರಗಿಸುವ ವ್ಯಾಯಾಮ ಶುರು ಮಾಡುತ್ತಾಳೆ. “ನೋವಿಲ್ಲ ತಾನೇ?” ಎಂದು ಕೇಳಿ ನಾವೂ ಸುಮ್ಮನಾಗುತ್ತೇವೆ. ನೋವಿಲ್ಲ ಎಂದರೆ ವಾಸಿಯಾಯಿತು ಎಂಬುದೇ ನಮ್ಮ ಲೆಕ್ಕ.

ಸಹೋದರಿಯರೇ, ಈ ಲೆಕ್ಕ ತಪ್ಪು. ಅದು ತಪ್ಪೆಂದು ನಾನು ಪುಸ್ತಕ ಓದಿ ಕಲಿತದ್ದಲ್ಲ. ನನ್ನ ಒಬ್ಬಳು ವಿದ್ಯಾರ್ಥಿನಿ ಅದಕ್ಕೆ ಬೆಲೆ ತೆತ್ತ ಬಳಿಕ ಕಲಿತೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದ್ದರಿಂದಲೇ ಈ ತಿಂಗಳು ಅದನ್ನು ನಿಮ್ಮ ಮುಂದೆ ಹೇಳಲು ಕುಳಿತಿದ್ದೇನೆ.

2018ರ ಮಳೆಗಾಲ. ನಮ್ಮ ಶಾಲೆಯ ಹುಡುಗಿಯರ ಥ್ರೋಬಾಲ್ ತಂಡ ವಲಯ ಮಟ್ಟದಲ್ಲಿ ಗೆದ್ದು ತಾಲೂಕು ಮಟ್ಟಕ್ಕೆ ಆಯ್ಕೆಯಾಗಿತ್ತು. ತಂಡದಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯಿದ್ದಳು. ಹೆಸರು ಬೇಡ. ಅವಳ ಸರ್ವ್ ಎದುರಿನವರಿಗೆ ಸಿಗುತ್ತಲೇ ಇರಲಿಲ್ಲ. ಆ ಮನೆಯಿಂದ ಶಾಲೆಯ ಗೇಟಿನಾಚೆ ಆಡಲು ಹೋದ ಮೊದಲ ಹೆಣ್ಣುಮಗಳು ಅವಳು. ಅನುಮತಿ ಸುಲಭವಾಗಿ ಸಿಕ್ಕಿರಲಿಲ್ಲ. ನಾನೇ ಎರಡು ಸಲ ಅವರ ಮನೆಗೆ ಹೋಗಿ ಕುಳಿತು ಅವಳ ಉಮ್ಮನನ್ನು ಒಪ್ಪಿಸಿದ್ದೆ. ಗಲ್ಫ್‌ನಲ್ಲಿದ್ದ ತಂದೆಯ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಉದ್ದ ಪ್ಯಾಂಟು, ತಲೆಗೆ ಸ್ಕಾರ್ಫ್, ಜೊತೆಯಲ್ಲಿ ಒಬ್ಬ ಟೀಚರ್ ಕಡ್ಡಾಯ ಎಂಬ ಷರತ್ತಿಗೆಲ್ಲ ಒಪ್ಪಿಕೊಂಡಿದ್ದೆ. ಆ ಟೀಚರ್ ಕೂಡ ನಾನೇ.

ಪಂದ್ಯಕ್ಕೆ ಹನ್ನೆರಡು ದಿನ ಇರುವಾಗ ಅಭ್ಯಾಸದಲ್ಲಿ ಚೆಂಡು ಹಿಡಿಯಲು ಜಿಗಿದವಳು ಇನ್ನೊಬ್ಬಳ ಪಾದದ ಮೇಲೆ ಇಳಿದಳು. ಬಲ ಪಾದ ಒಳಕ್ಕೆ ತಿರುಚಿತು. ಸಂಜೆಯಾಗುವಷ್ಟರಲ್ಲಿ ಪಾದದ ಗಂಟಿನ ಹೊರಬದಿ ಮೊಟ್ಟೆಯಷ್ಟು ಊದಿಕೊಂಡಿತ್ತು. ಮನೆಯಲ್ಲಿ ಅಜ್ಜಿ ಎಣ್ಣೆ ಬಿಸಿಮಾಡಿ ಚೆನ್ನಾಗಿ ತಿಕ್ಕಿದರು. ಐದಾರು ದಿನ ಶಾಲೆಗೆ ಬರಲಿಲ್ಲ. ಎಂಟನೇ ದಿನ ಬಂದಳು. ಬಾವು ಬಹುತೇಕ ಇಳಿದಿತ್ತು. ಕುಂಟದೆ ನಡೆಯುತ್ತಿದ್ದಳು. “ಟೀಚರ್, ಈಗ ನೋವಿಲ್ಲ” ಎಂದಳು.

ಪಂದ್ಯದ ಹಿಂದಿನ ರಾತ್ರಿ ಅವಳ ಉಮ್ಮ ನನಗೆ ಫೋನ್ ಮಾಡಿದರು.

“ಟೀಚರ್, ಅವಳನ್ನು ಈ ಸಲ ಬಿಡುವುದು ಬೇಡವೇನೋ. ಮೆಟ್ಟಿಲು ಇಳಿಯುವಾಗ ಈಗಲೂ ಗೋಡೆ ಹಿಡಿಯುತ್ತಾಳೆ.”

ನಾನು ಹೇಳಿದ ಉತ್ತರ ನನಗೆ ಅಕ್ಷರ ಅಕ್ಷರವೂ ನೆನಪಿದೆ. “ನಡೆಯುತ್ತಾಳಲ್ಲಾ? ಕ್ರೇಪ್ ಬ್ಯಾಂಡೇಜ್ ಕಟ್ಟಿ ಆಡಿಸುತ್ತೇವೆ. ಜವಾಬ್ದಾರಿ ನನ್ನದು.”

ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಒಂದು ನೋವಿನ ಮಾತ್ರೆ ನುಂಗಿ ಬಂದಿದ್ದಳು. ಮೊದಲ ಸೆಟ್ ಗೆದ್ದೆವು. ಎರಡನೆಯದರಲ್ಲಿ ಅದೇ ಜಿಗಿತ, ಅದೇ ಕಾಲು. ಅಂದು ಆ ಮೈದಾನದಲ್ಲಿ ಅವಳು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಎಲುಬು ಮುರಿದಿರಲಿಲ್ಲ. ಆದರೆ ಮೊದಲ ಸಲ ಬರೀ ಎಳೆದಿದ್ದ ಲಿಗಮೆಂಟ್ ಈಗ ಹರಿದಿತ್ತು. ಡಾಕ್ಟರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. “ಆಟಕ್ಕೆ ಇಳಿಸುವ ಮೊದಲು ಇವಳನ್ನು ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿದ್ದೀರಾ?” ನನ್ನಲ್ಲಿ ಉತ್ತರವಿರಲಿಲ್ಲ. ಮೆಟ್ಟಿಲಿನಲ್ಲಿ ಗೋಡೆ ಹಿಡಿಯುವುದನ್ನು ಕಂಡ ತಾಯಿ ಆ ಪರೀಕ್ಷೆಯನ್ನು ತನಗೆ ಗೊತ್ತಿಲ್ಲದೆಯೇ ಮಾಡಿದ್ದರು. ಓದಿದ ನಾನು ಅವರ ಮಾತನ್ನು ತಳ್ಳಿಹಾಕಿದ್ದೆ.

ಡಾಕ್ಟರ ಪ್ರಶ್ನೆಯ ಅರ್ಥ ತಿಳಿಯಬೇಕಾದರೆ ಕಾಲು ಉಳುಕಿದಾಗ ಒಳಗೆ ಏನಾಗುತ್ತದೆ ಎಂದು ನೋಡಬೇಕು. ನಮ್ಮ ಪಾದದ ಗಂಟಿನ ಹೊರಬದಿಯಲ್ಲಿ ಎಲುಬನ್ನು ಎಲುಬಿಗೆ ಕಟ್ಟಿಹಾಕುವ ಮೂರು ಗಟ್ಟಿ ಪಟ್ಟಿಗಳಿವೆ. ಇವೇ ಲಿಗಮೆಂಟುಗಳು. ಪಾದ ಒಳಕ್ಕೆ ತಿರುಚಿದಾಗ ಇವು ಎಳೆಯಲ್ಪಡುತ್ತವೆ. ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಮುಂದಿನ ಪಟ್ಟಿ. ಕೆಲವೇ ಎಳೆಗಳು ಹಿಗ್ಗಿದ್ದರೆ ಸಣ್ಣ ಉಳುಕು. ಸ್ವಲ್ಪ ಭಾಗ ಹರಿದಿದ್ದರೆ ಮಧ್ಯಮ. ಪೂರ್ತಿ ಹರಿದರೆ ದೊಡ್ಡದು.

ವಾಸಿಯಾಗುವ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲ ನಾಲ್ಕೈದು ದಿನ ಬಾವು, ಬಿಸಿ, ನೋವು. ಇದು ರೋಗವಲ್ಲ, ದೇಹವು ರಿಪೇರಿಗೆ ಆಳುಗಳನ್ನು ಕರೆಸುವ ಸಮಯ. ಎರಡನೇ ಹಂತ ಸುಮಾರು ಆರು ವಾರದವರೆಗಿನದು. ಹರಿದ ಜಾಗದಲ್ಲಿ ಹೊಸ ಎಳೆಗಳು ಬರುತ್ತವೆ. ಆದರೆ ಅವು ಇನ್ನೂ ಮೆದು, ಅಡ್ಡಾದಿಡ್ಡಿ. ಮೂರನೇ ಹಂತದಲ್ಲಿ ಆ ಎಳೆಗಳು ಒಂದೇ ದಿಕ್ಕಿಗೆ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಇದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ.

ಈಗ ಒಂದು ವಿಷಯ ಗಮನಿಸಿ. ನೋವು ಮುಖ್ಯವಾಗಿ ಮೊದಲ ಹಂತಕ್ಕೆ ಸೇರಿದ್ದು. ಬಾವು ಇಳಿದಾಗ ಅದೂ ಇಳಿಯುತ್ತದೆ. ಅಂದರೆ ನೋವು ಹೊರಟುಹೋದ ದಿನ ರಿಪೇರಿ ಮುಗಿದಿರುವುದಿಲ್ಲ, ಆಗಷ್ಟೇ ಶುರುವಾಗಿರುತ್ತದೆ. ಮನೆಗೆ ಕಾಂಕ್ರೀಟ್ ತಾರಸಿ ಹಾಕಿಸಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಎರಡನೇ ದಿನಕ್ಕೆ ಮೇಲ್ಮೈ ಒಣಗಿ ಗಟ್ಟಿಯಾದಂತೆ ಕಾಣುತ್ತದೆ. ಆದರೆ ಮೇಸ್ತ್ರಿ ಕೆಳಗಿನ ಆಧಾರದ ಕಂಬಗಳನ್ನು ತೆಗೆಯಲು ಬಿಡುವುದಿಲ್ಲ, ವಾರಗಟ್ಟಲೆ ನೀರು ಹಾಯಿಸಲು ಹೇಳುತ್ತಾನೆ. ತಾರಸಿಗೆ ತೋರಿಸುವ ಸಹನೆಯನ್ನು ನಾವು ಮಗಳ ಕಾಲಿಗೆ ತೋರಿಸುವುದಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ಲಿಗಮೆಂಟುಗಳಲ್ಲಿ ಸೂಕ್ಷ್ಮ ನರಗಳ ತುದಿಗಳಿವೆ. ಪಾದ ಯಾವ ಕೋನದಲ್ಲಿದೆ, ನೆಲ ಓರೆಯಾಗಿದೆಯೇ ಎಂಬ ಸುದ್ದಿಯನ್ನು ಅವು ಕ್ಷಣಕ್ಷಣಕ್ಕೂ ಮೆದುಳಿಗೆ ಮುಟ್ಟಿಸುತ್ತವೆ. ಕತ್ತಲಲ್ಲಿಯೂ ನಾವು ಎಡವದೆ ನಡೆಯುವುದು ಈ ಸುದ್ದಿಯ ಬಲದಿಂದ. ಉಳುಕಿದ ಕಾಲಿನಲ್ಲಿ ಈ ಸುದ್ದಿ ತಡವಾಗಿ ತಲುಪುತ್ತದೆ. ಆಗ ಪಾದ ಇನ್ನೊಮ್ಮೆ ತಿರುಚಿಕೊಂಡರೆ ಸಾವರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಒಮ್ಮೆ ಉಳುಕಿದ ಕಾಲು ಪದೇ ಪದೇ ಉಳುಕಲು ಇದೊಂದು ಮುಖ್ಯ ಕಾರಣ. ಡಾಕ್ಟರು ಒಂಟಿ ಕಾಲಿನ ಪ್ರಶ್ನೆ ಕೇಳಿದ್ದು ಇದಕ್ಕಾಗಿಯೇ. ನಡೆಯಲು ಬರುತ್ತದೆ ಎಂಬುದರಿಂದ ಜಿಗಿಯಲು ಬರುತ್ತದೆ ಎಂದು ಹೇಳಲಾಗದು.

ಹಾಗಾದರೆ ಮನೆಯಲ್ಲಿ ಯಾರದಾದರೂ ಕಾಲು ಉಳುಕಿದರೆ ಏನು ಮಾಡಬೇಕು?

ಮೊದಲ ಎರಡು ಮೂರು ದಿನ ಬಿಸಿ ಬೇಡ, ತಿಕ್ಕುವುದೂ ಬೇಡ. ನಮ್ಮ ಅಜ್ಜಿಯಂದಿರ ಪ್ರೀತಿ ದೊಡ್ಡದು, ಅವರ ಕೈಯ ಎಣ್ಣೆಯೂ ಒಳ್ಳೆಯದೇ. ಆದರೆ ಹರಿದ ಜಾಗವನ್ನು ಆಗಲೇ ತಿಕ್ಕಿದರೆ ಬಾವು, ಒಳಗಿನ ರಕ್ತಸ್ರಾವ ಹೆಚ್ಚುವ ಅಪಾಯವಿದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಬಹುದು. ಐಸನ್ನು ನೇರವಾಗಿ ಚರ್ಮಕ್ಕೆ ಇಡಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗಂತೂ ಇದು ಬೇಡವೇ ಬೇಡ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಕಡೆಯಿಂದ ಮೇಲಕ್ಕೆ ಸುತ್ತಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ ತಕ್ಷಣ ಸಡಿಲಿಸಿ. ಮಲಗುವಾಗ ಬ್ಯಾಂಡೇಜ್ ಬಿಚ್ಚಿ, ಕಾಲ ಕೆಳಗೆ ಎರಡು ತಲೆದಿಂಬು ಇಡಿ.

ಯಾವಾಗ ಡಾಕ್ಟರಲ್ಲಿಗೆ ಹೋಗಲೇಬೇಕು? 1992ರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಇದಕ್ಕೊಂದು ಸರಳ ನಿಯಮ ಪ್ರಕಟಿಸಿದರು. ಇಂದು ಅದನ್ನು ಜಗತ್ತಿನ ಹಲವೆಡೆ ಬಳಸುತ್ತಾರೆ. ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಪಾದದ ಗಂಟಿನ ಎರಡೂ ಬದಿಯ ಎಲುಬಿನ ತುದಿಯನ್ನು, ಅದರ ಹಿಂಬದಿಯ ಅಂಚನ್ನು ಒತ್ತಿದಾಗ ನೋವಿದ್ದರೂ ಬೇಕು. ಪಾದದ ಹೊರ ಅಂಚಿನ ನಡುವಿನಲ್ಲಿ ಉಬ್ಬಿರುವ ಎಲುಬನ್ನು ಅಥವಾ ಒಳಬದಿಯಲ್ಲಿ ಪಾದದ ನಡುವಿನ ಎಲುಬನ್ನು ಒತ್ತಿದಾಗ ನೋವಿದ್ದರೂ ಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಅಗತ್ಯ. ಅವರ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದುವಾದ ಪದರ ಇರುತ್ತದೆ. ಕೆಲವೊಮ್ಮೆ ಲಿಗಮೆಂಟಿಗಿಂತ ಮೊದಲು ಅದಕ್ಕೇ ಪೆಟ್ಟಾಗುತ್ತದೆ. “ಬರೀ ಉಳುಕು” ಎಂದು ಮನೆಯಲ್ಲೇ ತೀರ್ಮಾನಿಸಬೇಡಿ.

ಹಾಗೆಂದು ತಿಂಗಳುಗಟ್ಟಲೆ ಮಂಚದ ಮೇಲೆ ಮಲಗಿಸುವುದೂ ಸರಿಯಲ್ಲ. ಹೊಸ ಎಳೆಗಳು ನೇರವಾಗಿ ಜೋಡಿಸಿಕೊಳ್ಳಬೇಕಾದರೆ ಮಿತವಾದ ಚಲನೆ ಬೇಕು. ಎಲುಬಿಗೆ ಪೆಟ್ಟಾಗಿಲ್ಲ ಎಂದು ಖಚಿತವಾದ ಮೇಲೆ, ಸಣ್ಣ ಉಳುಕಿನಲ್ಲಿ ಎರಡು ಮೂರು ದಿನಗಳ ಬಳಿಕ ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಬಹುದು. ನೋವು ಸಹಿಸುವಷ್ಟೇ ಭಾರ ಹಾಕಿ ನಡೆಯಬಹುದು. ನಮ್ಮ ಮನೆಗಳಲ್ಲಿ ಎರಡು ಅತಿಗಳಿವೆ. ಮಗನಾದರೆ ಮೂರನೇ ದಿನಕ್ಕೆ ಆಟಕ್ಕೆ ಓಡುತ್ತಾನೆ, ಯಾರೂ ತಡೆಯುವುದಿಲ್ಲ. ಮಗಳಾದರೆ “ಇನ್ನು ಆಟವೇ ಬೇಡ” ಎಂಬ ತೀರ್ಪು ಬರುತ್ತದೆ. ಎರಡೂ ತಪ್ಪು. ಮರಳಬೇಕು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು.

ಆ ಮೆಟ್ಟಿಲುಗಳು ಹೀಗಿವೆ. ಮೊದಲನೆಯದು, ಕುಂಟದೆ ನಡೆಯುವುದು, ಗೋಡೆ ಹಿಡಿಯದೆ ಮೆಟ್ಟಿಲು ಇಳಿಯುವುದು. ಎರಡನೆಯದು, ಪೆಟ್ಟಾದ ಕಾಲಿನ ಮೇಲೆ ಒಂಟಿಯಾಗಿ ಅರ್ಧ ನಿಮಿಷ ಅಲುಗಾಡದೆ ನಿಲ್ಲುವುದು, ಆಮೇಲೆ ಅದನ್ನೇ ಕಣ್ಣು ಮುಚ್ಚಿ ಅಭ್ಯಾಸ ಮಾಡುವುದು. ಬೀಳದಂತೆ ಪಕ್ಕದಲ್ಲಿ ಗೋಡೆಯೋ ಮೇಜೋ ಇರಲಿ. ಮೂರನೆಯದು, ಒಂದೇ ಕಾಲಿನ ತುದಿಬೆರಳುಗಳ ಮೇಲೆ ಎದ್ದು ಇಳಿಯುವುದು. ಒಳ್ಳೆಯ ಕಾಲು ಎಷ್ಟು ಸಲ ಮಾಡುತ್ತದೋ ಸುಮಾರು ಅಷ್ಟು ಸಲ ಇದೂ ಮಾಡಬೇಕು. ನಾಲ್ಕನೆಯದು, ನೇರ ಓಟ. ಐದನೆಯದು, ಜಿಗಿತ ಮತ್ತು ತಿರುವಿನ ಓಟ. ಆರನೆಯದು, ತಂಡದ ಜೊತೆ ಪೂರ್ತಿ ಅಭ್ಯಾಸ. ಪಂದ್ಯ ಇವೆಲ್ಲದರ ನಂತರ.

ಒಂದು ಮೆಟ್ಟಿಲು ಹತ್ತಿದ ಮೇಲೆ ಮರುದಿನ ಬೆಳಿಗ್ಗೆ ಕಾಲನ್ನು ನೋಡಿ. ಬಾವು ಇಲ್ಲ, ಹೆಚ್ಚಿನ ನೋವಿಲ್ಲ ಎಂದಾದರೆ ಮುಂದಿನದಕ್ಕೆ ಹೋಗಬಹುದು. ಊದಿಕೊಂಡಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಸಣ್ಣ ಉಳುಕಿನಲ್ಲಿ ಇದೆಲ್ಲ ಒಂದರಿಂದ ಮೂರು ವಾರದಲ್ಲಿ ಮುಗಿಯಬಹುದು. ಮಧ್ಯಮದ್ದಾದರೆ ಮೂರರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಪೂರ್ತಿ ಹರಿದಿದ್ದರೆ ತಿಂಗಳುಗಳು. ಈ ಪರೀಕ್ಷೆಯ ದಿನ ನೋವಿನ ಮಾತ್ರೆ ಕೊಡಬೇಡಿ. ಮಾತ್ರೆ ಲಿಗಮೆಂಟನ್ನು ಜೋಡಿಸುವುದಿಲ್ಲ, ಅದರ ಕೂಗು ನಮಗೆ ಕೇಳಿಸದಂತೆ ಮಾಡುತ್ತದೆ ಅಷ್ಟೆ.

“ಇಷ್ಟೆಲ್ಲ ಯಾರಿಗೆ ಸಾಧ್ಯ, ದೊಡ್ಡ ಆಟಗಾರರು ವಾರದಲ್ಲಿ ಮರಳುತ್ತಾರೆ” ಎಂದು ನಿಮ್ಮ ಮಗ ವಾದಿಸಬಹುದು. ಅವನಿಗೆ ಜಸ್‌ಪ್ರೀತ್ ಬುಮ್ರಾರ ಕಥೆ ನೆನಪಿಸಿ. 2022ರಲ್ಲಿ ಬೆನ್ನಿನ ಗಾಯದಿಂದ ಅವರು ಏಷ್ಯಾ ಕಪ್ ಆಡಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮರಳಿದರು. ಎರಡು ಪಂದ್ಯ ಆಡಿದರು. ಬೆನ್ನು ಮತ್ತೆ ಕೈಕೊಟ್ಟಿತು, ಆ ವರ್ಷದ ಟಿ-ಟ್ವೆಂಟಿ ವಿಶ್ವಕಪ್ ತಪ್ಪಿಹೋಯಿತು. 2023ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧದ ತಂಡಕ್ಕೆ ಹೆಸರು ಸೇರಿಸಿ ಮತ್ತೆ ಹಿಂದಕ್ಕೆ ಪಡೆಯಬೇಕಾಯಿತು. ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ ಪಡೆದು ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಮೈದಾನಕ್ಕಿಳಿದರು. ಹೆಚ್ಚುಕಡಿಮೆ ಹನ್ನೊಂದು ತಿಂಗಳು! ಹಾಗೆ ಕಾದು ಬಂದವರೇ 2024ರ ಟಿ-ಟ್ವೆಂಟಿ ವಿಶ್ವಕಪ್‌ನಲ್ಲಿ ಸರಣಿಯ ಶ್ರೇಷ್ಠ ಆಟಗಾರರಾದರು. ಸುತ್ತಲೂ ಡಾಕ್ಟರು, ಫಿಸಿಯೋಥೆರಪಿಸ್ಟ್‌ಗಳಿರುವ ಆಟಗಾರನ ದೇಹವೇ ಅವಸರಕ್ಕೆ ಬಗ್ಗಲಿಲ್ಲ. ಒಂದು ಕ್ರೇಪ್ ಬ್ಯಾಂಡೇಜ್ ನಂಬಿಕೊಂಡ ನಮ್ಮ ಮಕ್ಕಳದ್ದು ಬಗ್ಗೀತೇ?

ಇನ್ನು ನಿಮ್ಮದೇ ವಿಷಯ ಸಹೋದರಿ. ಮಕ್ಕಳ ಕಾಲಿನ ಬಗ್ಗೆ ಓದುವಾಗ ನಿಮ್ಮ ಹೊಟ್ಟೆಯ ಮೇಲಿನ ಹೊಲಿಗೆ ನೆನಪಾಯಿತೇ? ಸಿಸೇರಿಯನ್ ಆದವರ ಚರ್ಮದ ಗಾಯ ಎರಡು ವಾರದಲ್ಲಿ ಕೂಡಿಕೊಂಡಂತೆ ಕಾಣುತ್ತದೆ. ಆದರೆ ಅದರ ಕೆಳಗೆ ಪದರ ಪದರವಾಗಿ ಹೊಲಿದದ್ದಿದೆ. ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದಿಡುವ ಒಳಪದರಕ್ಕೆ ಆರು ವಾರದಲ್ಲಿ ಮರಳುವುದು ಮೊದಲಿನ ಬಲದ ಸುಮಾರು ಅರ್ಧ ಮಾತ್ರ. ಆದ್ದರಿಂದ ಮನೆಯೊಳಗಿನ ಮೆಲ್ಲನೆಯ ನಡಿಗೆ ಬೇಗನೇ ಶುರುವಾಗಲಿ, ಅದು ಒಳ್ಳೆಯದು. ಆದರೆ ಓಟ, ಜಿಗಿತ, ಮಲಗಿ ಎದ್ದು ಹೊಟ್ಟೆ ಬಿಗಿಯುವ ವ್ಯಾಯಾಮಗಳಿಗೆ ಅವಸರ ಬೇಡ. ಓಟ, ಜಿಗಿತವನ್ನು ಮೂರು ತಿಂಗಳಿಗೆ ಮೊದಲು ಮಾಡದಿರುವುದು ಒಳ್ಳೆಯದೆಂದು ತಜ್ಞರು ಹೇಳುತ್ತಾರೆ. ಅದನ್ನೂ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಕೆಮ್ಮಿದಾಗ ಮೂತ್ರ ಸೋರುವುದು, ಕೆಳಗೆ ಏನೋ ಜಾರಿದಂತೆ ಭಾರವೆನಿಸುವುದು, ನಿಂತಿದ್ದ ರಕ್ತಸ್ರಾವ ಮತ್ತೆ ಕಾಣುವುದು, ಇವೆಲ್ಲ ದೇಹ ಕೊಡುವ ಎಚ್ಚರಿಕೆ. ನಾಚಿಕೊಂಡು ಮುಚ್ಚಿಡಬೇಡಿ.

ನಮ್ಮ ಮನೆಗಳಲ್ಲಿ ವ್ಯಾಯಾಮವೆಂಬುದು ಬೇರೆ ವೇಷದಲ್ಲಿ ಬರುತ್ತದೆ ಎಂಬುದನ್ನೂ ಹೇಳಬೇಕು. ಬಾವಿಯಿಂದ ತುಂಬಿದ ಕೊಡಪಾನ, ಅಕ್ಕಿಯ ಚೀಲ, ನೆನೆದ ಕಂಬಳಿ, ಎರಡು ವರ್ಷದ ಹಿರಿಯ ಮಗು. ಜಿಮ್‌ನಲ್ಲಿ ಭಾರ ಎತ್ತುವವರಿಗೆ “ಬೇಡ” ಎನ್ನಲು ತರಬೇತುದಾರರಿದ್ದಾರೆ. ಬಾವಿಕಟ್ಟೆಯಲ್ಲಿ ಸೊಸೆಗೆ “ನೀನು ಬಿಡು, ನಾನು ಎತ್ತುತ್ತೇನೆ” ಎನ್ನುವವರು ಯಾರು? ಅತ್ತೆ, ನಾದಿನಿ ಮತ್ತು ಮುಖ್ಯವಾಗಿ ಗಂಡ ಇದನ್ನು ಹೇಳಬೇಕು. ಮನೆಯವರು ಬಿಡುವು ಕೊಡದೆ ಯಾರ ಗಾಯವೂ ಪೂರ್ತಿ ಮಾಯುವುದಿಲ್ಲ.

ಜ್ವರದ ನಂತರವೂ ಇದೇ ಎಚ್ಚರ ಬೇಕು. ಕೆಲವು ವೈರಸ್ ಜ್ವರಗಳು ಅಪರೂಪಕ್ಕೆ ಹೃದಯದ ಸ್ನಾಯುವಿಗೂ ತಾಗುತ್ತವೆ. ಜ್ವರ ಬಿಟ್ಟು ಆಟಕ್ಕೆ ಹೋದ ಮಗುವಿಗೆ ಎದೆನೋವು, ಏದುಸಿರು, ಎದೆಬಡಿತದಲ್ಲಿ ಏರುಪೇರು, ತಲೆ ತಿರುಗಿ ಬೀಳುವುದು ಕಂಡರೆ ಆಟ ನಿಲ್ಲಿಸಿ ಅಂದೇ ಡಾಕ್ಟರಿಗೆ ತೋರಿಸಿ.

ಮದ್ರಸದಲ್ಲಿ ಕಲಿತ, ಕಲಿಸುವ ನನ್ನನ್ನು ತಾಯಂದಿರು ಕೇಳುವ ಒಂದು ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಲು ಉಳುಕಿದವರು ನಮಾಝ್‌ನಲ್ಲಿ ಪಾದ ಮಡಚಿ ಕುಳಿತಾಗ ಪೆಟ್ಟಾದ ಪಟ್ಟಿಯ ಮೇಲೆಯೇ ಎಳೆತ ಬೀಳುತ್ತದೆ. ದಿನಕ್ಕೆ ಐದು ಹೊತ್ತು ಹಾಗೆ ಎಳೆದರೆ ವಾಸಿಯಾಗುವುದು ತಡವಾಗುತ್ತದೆ. ಆಗದವರಿಗೆ ಆಗುವ ರೀತಿಯಲ್ಲಿ ನಮಾಝ್ ಮಾಡುವ ರಿಯಾಯಿತಿಯನ್ನು ನಮ್ಮ ಧರ್ಮ ಸ್ಪಷ್ಟವಾಗಿ ಕೊಟ್ಟಿದೆ. ನಿಲ್ಲಲು ಆಗುವವರು ನಿಲ್ಲಲಿ, ಮಡಚಿ ಕೂರಲು ಆಗದವರು ಕಾಲು ಚಾಚಿಯೋ ಕುರ್ಚಿಯಲ್ಲೋ ಕುಳಿತುಕೊಳ್ಳಲಿ. ಯಾವ ಭಾಗ ಕಷ್ಟವೋ ಆ ಭಾಗಕ್ಕೆ ರಿಯಾಯಿತಿ. ನೋವು ಸಹಿಸಿ ಕಾಲನ್ನು ಕೆಡಿಸಿಕೊಂಡರೆ ಪುಣ್ಯ ಹೆಚ್ಚುತ್ತದೆ ಎಂದು ಭಾವಿಸಬೇಡಿ. ಶರೀರ ನಮ್ಮ ಸ್ವಂತದ್ದಲ್ಲ, ಅಮಾನತ್. ಸಬ್ರ್ ಎಂದರೆ ನೋವು ಸಹಿಸುವುದು ಮಾತ್ರವೆಂದು ನಾವು ತಿಳಿದುಕೊಂಡಿದ್ದೇವೆ. ವಾಸಿಯಾಗುವವರೆಗೆ ಕಾಯುವುದೂ ಸಬ್ರೇ.

ಆ ಹುಡುಗಿಯ ಕಥೆಗೆ ಮರಳುತ್ತೇನೆ. ಆರು ವಾರ ಕಾಲಿಗೆ ಪಟ್ಟಿ, ನಂತರ ತಿಂಗಳುಗಟ್ಟಲೆ ವ್ಯಾಯಾಮ. ಹತ್ತನೇ ತರಗತಿಯಲ್ಲಿ ಅವಳು ಆಡಲೇ ಇಲ್ಲ. “ಇನ್ನು ನಮ್ಮ ಮನೆಯಿಂದ ಯಾರೂ ಆಟಕ್ಕೆ ಹೋಗುವುದು ಬೇಡ” ಎಂದು ತಂದೆ ಫೋನಿನಲ್ಲೇ ತೀರ್ಪು ಕೊಟ್ಟರು. ಅವಳ ಹಿಂದೆ ಇಬ್ಬರು ತಂಗಿಯರಿದ್ದರು. ನಾನು ಅವರ ಮನೆಗೆ ಹೋಗಿ ಆ ತಾಯಿಯಲ್ಲಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟರು, ಕ್ಷಮಿಸಿದರು. ಆದರೆ ಎರಡನೆಯವಳ ಅನುಮತಿ ಪತ್ರಕ್ಕೆ ಸಹಿ ಹಾಕಲಿಲ್ಲ. ಅವರನ್ನು ನಾನು ದೂರಲಾರೆ. ನನ್ನ ಒಂದು ದಿನದ ಅವಸರ ಮೂವರು ಹುಡುಗಿಯರ ಆಟದ ಬಾಗಿಲು ಮುಚ್ಚಿಸಿತ್ತು. ಮಧ್ಯದವಳು ಆಡದೆಯೇ ಶಾಲೆ ಮುಗಿಸಿದಳು.

2023ರಲ್ಲಿ ಕೊನೆಯವಳು ಎಂಟನೇ ತರಗತಿಗೆ ಬಂದಾಗ ಸಹಿ ಹಾಕಿಸಿದ್ದು ನಾನಲ್ಲ, ಅವಳ ಅಕ್ಕ. ಅದೇ ಕಾಲು ಹರಿದುಕೊಂಡವಳು! “ಅದು ಆಟದ ತಪ್ಪಲ್ಲ ಉಮ್ಮಾ, ಅವಸರದ ತಪ್ಪು” ಎಂದು ಅವಳು ಹೇಳಿದಳಂತೆ. ಆ ಮಾತು ಕೇಳಿದಾಗ ನನ್ನ ಕಣ್ಣು ತುಂಬಿತು.

ಆ ಮಳೆಗಾಲದಲ್ಲೇ ಕಿರಿಯವಳು ಮನೆಯ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಪಂದ್ಯಕ್ಕೆ ಎರಡೇ ವಾರ ಉಳಿದಿತ್ತು. ಈ ಸಲ ಎಣ್ಣೆಯ ಬಾಟಲಿ ಕಪಾಟಿನಿಂದ ಇಳಿಯಲಿಲ್ಲ. ಡಾಕ್ಟರು ನೋಡಿ ಮಧ್ಯಮ ಉಳುಕು ಎಂದರು. ಹತ್ತು ದಿನ ಕಳೆದಾಗ ಅವಳೂ ಅಕ್ಕನಂತೆಯೇ ಬಂದು ನಿಂತಳು. “ಟೀಚರ್, ನೋವಿಲ್ಲ.” ನಾನು ಅವಳನ್ನು ತರಗತಿಯ ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲಿಸಿದೆ. ಎಂಟು ಎಣಿಸುವಷ್ಟರಲ್ಲಿ ವಾಲಿ ಗೋಡೆ ಹಿಡಿದಳು. ಮನೆಗೆ ಫೋನ್ ಮಾಡಿ, “ಈ ಪಂದ್ಯಕ್ಕೆ ಅವಳು ಬೇಡ” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ನಂತರ ಅವಳ ಉಮ್ಮ, “ನಾನೂ ಅದನ್ನೇ ಹೇಳಲಿಕ್ಕೆ ಫೋನ್ ಹಿಡಿದಿದ್ದೆ ಟೀಚರ್” ಎಂದರು.

ಅವಳು ಅತ್ತಳು. ತಂಡ ಸೋತಿತು. ಪಿ.ಟಿ. ಸರ್ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇದೆಲ್ಲ ಸಣ್ಣ ನಷ್ಟ, ಕೆಲವೇ ದಿನದಲ್ಲಿ ಮರೆತುಹೋಯಿತು. ಅವಳ ಉಮ್ಮ ಪ್ರತಿ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ಒಂಟಿ ಕಾಲಲ್ಲಿ ನಿಲ್ಲಿಸಿ, ತಾವು ಅಕ್ಕಿ ಆರಿಸುತ್ತಾ ಮೂವತ್ತರವರೆಗೆ ಎಣಿಸುತ್ತಿದ್ದರಂತೆ. ಏಳನೇ ವಾರದಲ್ಲಿ ಅವಳು ಅಭ್ಯಾಸಕ್ಕೆ ಮರಳಿದಳು. 2024ರಲ್ಲಿ ಪೂರ್ತಿ ಋತು ಆಡಿದಳು.

ಆದ್ದರಿಂದ ಸಹೋದರಿ, ಮುಂದಿನ ಸಲ ನಿಮ್ಮ ಮನೆಯಲ್ಲಿ ಯಾರಾದರೂ “ಈಗ ನೋವಿಲ್ಲ” ಎಂದಾಗ ಸಂತೋಷಪಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮೆಟ್ಟಿಲು ಇಳಿಯುವುದನ್ನು ನೋಡಿ. ಒಂಟಿ ಕಾಲಲ್ಲಿ ನಿಲ್ಲಿಸಿ ಎಣಿಸಿ. ಶಾಲೆಯವರು, ಕೋಚ್, ನೆರೆಹೊರೆಯವರು ಅವಸರಪಡಿಸಿದರೆ, “ನನ್ನ ಮಗುವಿನ ನಡಿಗೆ ನನಗೆ ಗೊತ್ತು, ಇನ್ನೂ ಸಮಯ ಬೇಕು” ಎಂದು ಧೈರ್ಯವಾಗಿ ಹೇಳಿ. ನನ್ನಂತಹ ಟೀಚರೇ ಫೋನ್ ಮಾಡಿ “ಜವಾಬ್ದಾರಿ ನನ್ನದು” ಎಂದರೂ ಒಪ್ಪಬೇಡಿ. ಮಗು ಮತ್ತೆ ಬಿದ್ದ ದಿನ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವವರು, ರಾತ್ರಿಯಿಡೀ ಕಾಲ ಬಳಿ ಕುಳಿತಿರುವವರು ನೀವೇ.